ನೇವಿ ಮಾಮನ ಬಗ್ಗೆ ಇನ್ನೂ ಹೇಳಲಿಕ್ಕಿದೆ

ಸಂಪಾದಕರಿಗೆ,

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಊರಿನ ನಿವೃತ್ತ ನೌಕಾಪಡೆ ಯೋಧರೊಬ್ಬರು ತೀರಿಕೊಂಡ ಸುದ್ದಿಯನ್ನು ನಿಮ್ಮ ಪತ್ರಿಕೆ ಪ್ರಕಟಿಸಿತ್ತು. 1971ರ ಯುದ್ಧದಲ್ಲಿ ಭಾಗವಹಿಸಿದ್ದರು, ಇಬ್ಬರು ಮಕ್ಕಳಿದ್ದಾರೆ ಎಂದಿತ್ತು. ಸುದ್ದಿ ಸರಿಯೇ ಇದೆ. ಆದರೆ ನಾವೆಲ್ಲ ‘ನೇವಿ ಮಾಮ’ ಎಂದು ಕರೆಯುತ್ತಿದ್ದ ಅವರು ಅಷ್ಟಕ್ಕೇ ಮುಗಿಯುವವರಲ್ಲ. ಅದಕ್ಕೇ ಈ ಪತ್ರ.

ಮಾಮ ಹಡಗಿನಲ್ಲಿ ಸಿಗ್ನಲ್‌ಮನ್. ಬಾವುಟ ಮತ್ತು ದೀಪದಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸುವ ಕೆಲಸ. ಯುದ್ಧದ ಹೊತ್ತಿಗೆ ಐಎನ್‌ಎಸ್ ಮೈಸೂರು ಹಡಗಿನಲ್ಲಿದ್ದರು. ಆಗ ಪಶ್ಚಿಮ ಫ್ಲೀಟಿನ, ಅಂದರೆ ಅರಬ್ಬಿ ಸಮುದ್ರದ ಕಡೆಯ ಹಡಗು ಪಡೆಯ, ಮುಖ್ಯ ಹಡಗು ಅದೇ. ಕಾಸರಗೋಡು ಕೇರಳಕ್ಕೆ ಸೇರಿದ ನೋವು ಮನೆಮನೆಯಲ್ಲಿ ಇನ್ನೂ ಹಸಿಯಾಗಿದ್ದ ಕಾಲ. ಕನ್ನಡ ರಾಜ್ಯದ ಹೆಸರೂ ಆಗ ಮೈಸೂರೇ. ‘ಮೈಸೂರು’ ಎಂದು ಬರೆದ ಹಡಗಿನಲ್ಲಿ ಕೆಲಸ ಸಿಕ್ಕಿದ್ದು ಅವರಿಗೆ ಬಹಳ ಖುಷಿಯ ವಿಷಯವಾಗಿತ್ತು.

ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ ನೆನಪಿಗೇ ಈಗ ನೌಕಾಪಡೆ ದಿನ ಆಚರಿಸುವುದು. ಶಾಲೆಯವರು ಆ ದಿನ ಕರೆದರೆ ಹೋಗಿ ನಾಲ್ಕು ಮಾತಾಡಿ ಬರುತ್ತಿದ್ದರು. ಡಿಸೆಂಬರ್ 9 ಮಾತ್ರ ಬೇರೆ. 1971ರ ಆ ರಾತ್ರಿ ದಿಯು ಹತ್ತಿರ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಮಾಮನ ಜೊತೆ ತರಬೇತಿ ಪಡೆದವರೊಬ್ಬರು ಅದರಲ್ಲಿದ್ದರು. ಪ್ರತಿ ವರ್ಷ ಆ ದಿನ ಮಾಮ ರಾತ್ರಿ ಊಟ ಬಿಡುತ್ತಿದ್ದರು. ಯಾಕೆಂದು ನಮಗೆ ಹೇಳಿದ್ದು ಮಾಮಿ.

ಖುಕ್ರಿ ಮುಳುಗಿದಾಗ ಅವರ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹಡಗೊಂದು ಮುಳುಗಿದೆ ಎಂಬ ಸುದ್ದಿ ಊರಿಗೂ ಬಂತು. ಗಂಡನ ಹಡಗು ಎಲ್ಲಿದೆ ಎಂದು ಮಾಮಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದ್ದ ವಿಳಾಸ ಒಂದೇ: ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಕಡೆಗೂ ಇನ್‌ಲ್ಯಾಂಡ್ ಲೆಟರ್ ಬಂತು. ಯುದ್ಧದ ಸುದ್ದಿ ಒಂದಕ್ಷರ ಇಲ್ಲ. ‘ತೋಡಿಗೆ ಕಟ್ಟ ಹಾಕಿ ಆಯಿತಾ? ಅಪ್ಪನಿಗೆ ಕೆಮ್ಮು ಹೇಗಿದೆ?’ ಎಂದಿತ್ತಂತೆ. ಆ ಕಾಗದವನ್ನು ಮಾಮಿ ಕೊನೆಯವರೆಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು.

15 ವರ್ಷ ತುಂಬಿ ಪಿಂಚಣಿ ಸಿಕ್ಕಿದ ಕೂಡಲೇ ಮಾಮ ಊರಿಗೆ ಬಂದರು. ಜೊತೆಯವರು ವ್ಯಾಪಾರಿ ಹಡಗು, ಗಲ್ಫ್ ಎಂದು ಹೊರಟರು. ಇವರು ಹೋಗಲಿಲ್ಲ. ಮಗಳು ಹುಟ್ಟಿದಾಗಲೂ ಮಗ ಹುಟ್ಟಿದಾಗಲೂ ಸಮುದ್ರದಲ್ಲಿದ್ದವರು. ಇನ್ನು ಮಕ್ಕಳನ್ನು ಬಿಟ್ಟಿರಲು ಮನಸ್ಸಿರಲಿಲ್ಲ. ಅಂಗಳದಲ್ಲಿ ಎರಡು ಬೈರಾಸು (ಟವೆಲು) ಹಿಡಿದು ಮಕ್ಕಳಿಗೆ ಬಾವುಟದ ಅಕ್ಷರ ಕಲಿಸುತ್ತಿದ್ದರು. ನಾನೂ ಅಲ್ಲೇ ಕಲಿತೆ. ತೋಟದ ಆಚೆ ಬದಿಯಿಂದ ಕೈ ಬೀಸಿ ‘ಚಹಾ’ ಎಂದರೆ ಮಗಳು ಒಳಗೆ ಓಡುತ್ತಿದ್ದಳು.

ಮಾಮಿ ಹಾಸಿಗೆ ಹಿಡಿದ ಮೇಲೆ ಅವರ ಆರೈಕೆಯನ್ನೆಲ್ಲ ಮಾಮನೇ ಮಾಡಿದರು. ತಲೆದಿಂಬಿನ ಹತ್ತಿರ ಒಂದು ನೋಟ್‌ಪುಸ್ತಕ. 0600 ಮಾತ್ರೆ, 0730 ಗಂಜಿ, 1400 ಮಗ್ಗುಲು ಬದಲಿಸಿದ್ದು, ಎಲ್ಲ ಹಡಗಿನ ಲಾಗ್‌ಬುಕ್ಕಿನ ಹಾಗೆ. ಬಂದ ಡಾಕ್ಟರು ಮೊದಲು ಓದುತ್ತಿದ್ದದ್ದೇ ಅದನ್ನು.

ಇನ್ನೊಂದು ಕೆಲಸ ಹೊರಗಿನವರಿಗೆ ಗೊತ್ತಿಲ್ಲ. ನಮ್ಮ ಸುತ್ತಮುತ್ತ ಸೈನಿಕರ ವಿಧವೆಯರು ಜಾಸ್ತಿ ಇದ್ದಾರೆ. ಕಚೇರಿಯಿಂದ ಬರುವ ಕಾಗದ ಮಲಯಾಳದಲ್ಲಿ, ಪಿಂಚಣಿಯ ಸ್ಪರ್ಶ್ ಪೋರ್ಟಲ್ ಇಂಗ್ಲಿಷಿನಲ್ಲಿ. ನಮ್ಮ ಅಜ್ಜಿಯಂದಿರಿಗೆ ಬರುವುದು ತುಳು, ಕನ್ನಡ. ನವೆಂಬರ್ ಬಂತೆಂದರೆ ಬದುಕಿದ್ದೇವೆ ಎಂದು ತೋರಿಸುವ ಜೀವನ ಪ್ರಮಾಣಪತ್ರ ಕೊಡಬೇಕು, ಅಲ್ವಾ? ಅಡಿಕೆ ಸುಲಿದು ಸವೆದ ಬೆರಳನ್ನು ಮೆಷಿನ್ ಒಪ್ಪುವುದಿಲ್ಲ. ಮಾಮ ಈ ವಯಸ್ಸಿನಲ್ಲಿ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ಕ್ರಮ ಕಲಿತು, ಮನೆಮನೆಗೆ ಹೋಗಿ ಮಾಡಿಕೊಡುತ್ತಿದ್ದರು. ಬಸ್ಸಿನ ದುಡ್ಡನ್ನೂ ತೆಗೆದುಕೊಂಡವರಲ್ಲ.

ಈ ನವೆಂಬರಿಗೆ ಆ ಮನೆಗಳಿಗೆ ಹೋಗುವವರು ಬೇಕು. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ನಿವೃತ್ತ ಸೈನಿಕರಲ್ಲಿ, ಕಾಲೇಜು ಮಕ್ಕಳಲ್ಲಿ ಯಾರಾದರೂ ತಯಾರಿದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಯಾರ ಮನೆ ಎಲ್ಲಿ ಎಂದು ಮಾಮ ಬರೆದಿಟ್ಟ ಪುಸ್ತಕ ಅವರ ಮಗಳ ಹತ್ತಿರ ಇದೆ. ಕೊಡುತ್ತೇನೆ ಎಂದಿದ್ದಾಳೆ.

– ನಿಮ್ಮ ಓದುಗ, ಬದಿಯಡ್ಕ