ಫಲಿತಾಂಶದ ಹಾಳೆಯಲ್ಲಿ ಇಲ್ಲದ ಹೆಸರಿಗೆ

ರಾಷ್ಟ್ರೀಯ ಕಾರ್ ರೇಸಿಂಗ್ ಚಾಂಪಿಯನ್‌ಶಿಪ್‌ನ ಟೂರಿಂಗ್ ಕಾರ್ ವಿಭಾಗದಲ್ಲಿ (ರಸ್ತೆಯ ಕಾರುಗಳನ್ನೇ ರೇಸಿಗೆ ಸಜ್ಜುಗೊಳಿಸಿ ಓಡಿಸುವ ವಿಭಾಗ) ನಮ್ಮ 1298 ಸಿ.ಸಿ. ಮಾರುತಿ ಎಸ್ಟೀಮ್ ಈ ಸಲ ಸೀಸನ್ನಿನ ಒಂದು ಸುತ್ತನ್ನೂ (ರೌಂಡ್) ಬಿಡದೆ ಓಡಿ, ಕೊನೆಯ ರೇಸಿನಲ್ಲಿ ಮೂರನೆಯ ಸ್ಥಾನ ಪಡೆದು ಹಾಸನಕ್ಕೆ ಮರಳಿದೆ. ಹಾರೈಸಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರಿಸಲು ಆಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಫಲಿತಾಂಶದ ಹಾಳೆಯಲ್ಲಿ ಚಾಲಕನ ಹೆಸರು, ಕಾರಿನ ನಂಬರು, ಲ್ಯಾಪ್ ಸಮಯ ಇರುತ್ತವೆ. ಈ ಸೀಸನ್ ನಿಜವಾಗಿ ಯಾರದೋ ಅವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಇಲ್ಲಿಯೂ ಹೆಸರು ಹಾಕಬಾರದೆಂದು ಅವರೇ ಹೇಳಿರುವುದರಿಂದ, ಬಡಾವಣೆಯವರೆಲ್ಲ ಕರೆಯುವಂತೆ ಮೇಸ್ತ್ರಿಗಳು ಎಂದೇ ಬರೆಯುತ್ತೇನೆ.

ನಮ್ಮ ಕಡೆ ಕಾರ್ ರೇಸ್ ಎಂದರೆ ಮೊದಲು ನೆನಪಾಗುವುದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ‍್ಯಾಲಿ. ಟ್ರ್ಯಾಕ್ ರೇಸಿನ ಕಷ್ಟವೇ ಬೇರೆ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಒಂದು ಲ್ಯಾಪ್ 3.7 ಕಿಲೋಮೀಟರ್. ಅಲ್ಲಿ ಸಣ್ಣ ಎಂಜಿನ್ನಿನ ಕಾರು ಒಂದು ತಿರುವಿನಲ್ಲಿ ವೇಗ ಕಳೆದುಕೊಂಡರೆ, ಅದನ್ನು ಮರಳಿ ಪಡೆಯಲು ಮುಂದಿನ ನೇರ ರಸ್ತೆ ಪೂರ್ತಿ ಬೇಕಾಗುತ್ತದೆ. ಆದ್ದರಿಂದ ಬ್ರೇಕನ್ನು ಎಷ್ಟು ತಡವಾಗಿ, ಎಷ್ಟು ಮೃದುವಾಗಿ ಒತ್ತುತ್ತೇವೆ, ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯನ್ನು ಎಷ್ಟು ತಪ್ಪಿಸಿಕೊಳ್ಳುತ್ತೇವೆ, ಕಾರನ್ನು ಎಳೆಯುವುದಕ್ಕೂ ತಿರುಗಿಸುವುದಕ್ಕೂ ಒಂದೇ ಜೋಡಿಯಾದ ಮುಂದಿನ ಟೈರುಗಳನ್ನು ಕೊನೆಯ ಲ್ಯಾಪಿನವರೆಗೆ ಹೇಗೆ ಉಳಿಸಿಕೊಳ್ಳುತ್ತೇವೆ ಎಂಬುದರಲ್ಲಿಯೇ ರೇಸ್ ನಿರ್ಧಾರವಾಗುತ್ತದೆ. ಸಣ್ಣ ಎಂಜಿನ್ನನ್ನು ಕೀಳಾಗಿ ಕಾಣುವವರಿಗೆ ಒಂದು ಮಾತು: ಕೊಯಮತ್ತೂರಿನ ಟ್ರ್ಯಾಕಿಗೆ ಯಾರ ಹೆಸರಿದೆಯೋ ಆ ಕರಿವರ್ಧನ್ ಅವರು ರೂಪಿಸಿದ, ಒಬ್ಬರೇ ಕೂರುವ ಫಾರ್ಮುಲಾ ಮಾರುತಿ ರೇಸ್ ಕಾರು ಓಡಿದ್ದು ಮಾರುತಿ 800ರ ಎಂಜಿನ್ನಿನಿಂದ. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಕೂಡ ಫಾರ್ಮುಲಾ ಮಾರುತಿಯಲ್ಲಿ ಓಡಿ ಬಂದವರು.

ಮೇಸ್ತ್ರಿಗಳು ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಜೀವಮಾನವೆಲ್ಲ ಡೀಸೆಲ್ ಎಂಜಿನ್ನುಗಳ ನಡುವೆ ಕಳೆದ ಅವರು, ಅಪ್ಪನ ಗೆಳೆತನಕ್ಕಾಗಿ ನಮ್ಮ ಶೆಡ್ಡಿಗೆ ಬಂದು ಈ ಕಾರನ್ನು ತಮ್ಮ ಕೈಗೆ ತೆಗೆದುಕೊಂಡರು. ಹಾಸನದ ತಂಪಿನಲ್ಲಿ ಸರಿಯಾಗಿದ್ದ ಎಂಜಿನ್ ಚೆನ್ನೈನ ಸೆಕೆಯಲ್ಲಿ ಹಾಗೆಯೇ ಇರುವುದಿಲ್ಲವೆಂದು, ಮೊದಲ ಸುತ್ತಿಗೆ ಹೊರಡುವ ಮೊದಲೇ ರೇಡಿಯೇಟರಿನ ಪೈಪುಗಳನ್ನೆಲ್ಲ ಬದಲಾಯಿಸಿದ್ದರು.

ಒಂದು ಸುತ್ತಿನ ಶನಿವಾರ ಸಂಜೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿಗೂ ಅದರ ಮೇಲಿನ ಮುಚ್ಚಳದಂಥ ಹೆಡ್ಡಿಗೂ ನಡುವಿನ ಸೀಲು, ಕೈಕೊಟ್ಟಿತು. ಮಾರನೆಯ ದಿನ ಎರಡು ರೇಸ್ ಇದ್ದವು. ಹೆಡ್ಡಿನ ಮೈಯನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸೋಣವೆಂದರೆ ಆ ಹೊತ್ತಿಗೆ ಒಂದು ವರ್ಕ್‌ಶಾಪೂ ತೆರೆದಿರಲಿಲ್ಲ. ಅಕ್ಕಪಕ್ಕದ ಗ್ಯಾರೇಜುಗಳ ದೀಪಗಳು ಒಂದೊಂದಾಗಿ ಆರಿದವು. ಮೇಸ್ತ್ರಿಗಳು ನೇರಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಪ್ರತಿ ಸಲವೂ ಅಡಿಯಲ್ಲಿ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡಿದರು. ಬಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ ಗ್ಯಾಸ್ಕೆಟ್ಟನ್ನು ಕವರಿನಿಂದ ತೆಗೆದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ. "ಗಾಡಿ ಬಿಚ್ಚಿದ್ದೀವಿ, ಜೋಡಿಸಿಯೇ ಏಳೋಣ. ನೀನು ಹೋಗಿ ಮಲಗು ಮಗ, ಬೆಳಿಗ್ಗೆ ಓಡಿಸೋನು ನೀನು," ಎಂದರು. ನನಗೆ ಹೋಗಲು ಮನಸ್ಸಾಗಲಿಲ್ಲ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಹಂತಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಬಿಗಿಯುವಾಗ ಅವರು ಪ್ರತಿ ಸುತ್ತಿಗೂ ತುಸು ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ನಿದ್ದೆಗೆಟ್ಟ ಕೈ ಅವಸರ ಮಾಡುತ್ತದೆಂದು ಅವರಿಗೆ ತಿಳಿದಿತ್ತು.

ಅಪ್ಪನಿಲ್ಲದ ಮೊದಲ ಸೀಸನ್ ಇದು. ಪ್ರತಿ ರೇಸಿನ ಹಿಂದಿನ ರಾತ್ರಿ ಬರುತ್ತಿದ್ದ ಅವರ ಫೋನು ಇನ್ನು ಬರುವುದಿಲ್ಲ ಎಂಬುದು ಆ ರಾತ್ರಿಯವರೆಗೆ ನನಗೆ ಪೂರ್ತಿಯಾಗಿ ತಟ್ಟಿರಲಿಲ್ಲ. ಟಾರ್ಚ್ ಕೆಳಗಿಟ್ಟು, ಕಾರು ಮಾರಿಬಿಡುತ್ತೇನೆ ಮಾವ, ನನ್ನಿಂದ ಆಗುವುದಿಲ್ಲ ಎಂದು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಟೈಮಿಂಗ್ ಬೆಲ್ಟಿನ ಗುರುತು ಕೂಡಿದೆಯೇ ನೋಡು, ನನಗೆ ಕಾಣುತ್ತಿಲ್ಲ ಎಂದರು. ನೋಡಿದೆ, ಕೂಡಿತ್ತು. ಬೆಳಕು ಹರಿಯುವ ಹೊತ್ತಿಗೆ ಎಂಜಿನ್ ಶುರುವಾಯಿತು, ತಪಾಸಣೆ ಮುಗಿಯಿತು, ಭಾನುವಾರದ ಎರಡೂ ರೇಸುಗಳನ್ನು ಕಾರು ಪೂರ್ಣಗೊಳಿಸಿತು. ಅಂದು ಬಿಗಿದ ಆ ಹೆಡ್ಡನ್ನು ಸೀಸನ್ ಮುಗಿಯುವವರೆಗೂ ಮತ್ತೆ ತೆರೆಯಬೇಕಾಗಲಿಲ್ಲ. ಬೇಲೂರಿನ ತೇರು ನೆಲೆ ಸೇರಿದಾಗ ಹಗ್ಗ ಹಿಡಿದವರಿಗೆ ಜೈಕಾರ ಸಿಗುತ್ತದೆ, ಚಕ್ರದ ಬಳಿಯೇ ಬಾಗಿ ನಡೆದು ಮರದ ಬೆಣೆ ಕೊಟ್ಟು ದಾರಿ ತಿದ್ದಿದವರನ್ನು ಯಾರೂ ನೋಡಿರುವುದಿಲ್ಲ. ನಮ್ಮ ತಂಡದಲ್ಲಿ ಆ ಕೆಲಸ ಮೇಸ್ತ್ರಿಗಳದು. ಮಾವ, ಟ್ರೋಫಿಯನ್ನು ನಿಮ್ಮ ಮನೆಯಲ್ಲಿಟ್ಟು ಬಂದದ್ದು ಸೌಜನ್ಯಕ್ಕಲ್ಲ, ಅದು ನಿಮ್ಮದು.

ಬೆಂಗಳೂರಿನ ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಲಾರಿ ಓಡಿಸಿದ ಚನ್ನರಾಯಪಟ್ಟಣದ ಗೆಳೆಯನಿಗೆ, ಟೈರಿನ ಖರ್ಚು ಹಂಚಿಕೊಂಡ ಸಕಲೇಶಪುರದ ತೋಟದವರಿಗೆ, ಟ್ರ್ಯಾಕಿನಲ್ಲಿ ಎದುರಾಳಿಯಾಗಿದ್ದೂ ಗ್ಯಾಸ್ಕೆಟ್ ಕೊಟ್ಟ ಕೊಯಮತ್ತೂರಿನ ತಂಡಕ್ಕೆ, ಬಿಸಿಲಿನಲ್ಲಿ ಬಾವುಟ ಹಿಡಿದು ನಿಂತ ಮಾರ್ಷಲ್‌ಗಳಿಗೆ, ಬೇಡವೆನ್ನದೆ ಕಳಿಸಿಕೊಟ್ಟ ಅಮ್ಮನಿಗೆ ಮತ್ತು ನನ್ನ ಹೆಂಡತಿಗೆ ಕೈಮುಗಿದು ವಂದಿಸುತ್ತೇನೆ.

ಮುಂದಿನ ಸೀಸನ್ನಿಗೂ ಬರುವುದಾಗಿ ಮೇಸ್ತ್ರಿಗಳು ಒಪ್ಪಿದ್ದಾರೆ; ಈಗಾಗಲೇ ಎಂಜಿನ್ ಇಳಿಸಿಯಾಗಿದೆ. ಎಸ್ಟೀಮ್ ತಯಾರಿಕೆ 2007ರಲ್ಲಿಯೇ ನಿಂತಿರುವುದರಿಂದ ಒಳ್ಳೆಯ ಬಿಡಿಭಾಗಗಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಹಾಸನ, ಚಿಕ್ಕಮಗಳೂರು ಕಡೆ ಯಾರ ಶೆಡ್ಡಿನಲ್ಲಾದರೂ ಹಳೆಯ ಎಸ್ಟೀಮ್ ನಿಂತಿದ್ದರೆ, ಗುಜರಿಗೆ ಹಾಕುವ ಮೊದಲು ದಯವಿಟ್ಟು ನಮಗೆ ತಿಳಿಸಿ. ಗೇರ್‌ಬಾಕ್ಸ್ ಇದ್ದರೆ ಮೊದಲು ಅದನ್ನು ಬಂದು ನೋಡುತ್ತೇವೆ.