ತಾಬೋದ ಮಣ್ಣಿನ ಗುಡಿಗಳಿಗೆ ವರ್ಷವರ್ಷದ ಆರೈಕೆ ಬೇಕು

ಕೇಂದ್ರ ಸಂಸ್ಕೃತಿ ಸಚಿವರಿಗೆ,

ಮಾನ್ಯರೇ,

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ತಾಬೋ ಬೌದ್ಧವಿಹಾರ ನಿಮ್ಮ ಸಚಿವಾಲಯಕ್ಕೆ ಸೇರಿದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿನ ಮಣ್ಣಿನ ಗುಡಿಗಳು ಉಳಿಯಬೇಕಾದರೆ ಎಂದೋ ಒಮ್ಮೆ ಬರುವ ದೊಡ್ಡ ಯೋಜನೆಗಿಂತ ಪ್ರತಿವರ್ಷ ಹೊತ್ತಿಗೆ ಸರಿಯಾಗಿ ಸಿಗುವ ಸಣ್ಣ ಮೊತ್ತವೇ ಮುಖ್ಯ. ಅದನ್ನು ಕೇಳಲೆಂದು ಬರೆಯುತ್ತಿದ್ದೇನೆ.

ತಾಬೋ ಸ್ಥಾಪನೆಯಾದದ್ದು 996ರಲ್ಲಿ, ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಅರಸ ಯೆಶೆ ಓ ಕಾಲದಲ್ಲಿ. 46 ವರ್ಷಗಳ ನಂತರ ಅದೇ ವಂಶದ ಜಂಗ್‌ಚುಬ್ ಓ ಜೀರ್ಣೋದ್ಧಾರ ಮಾಡಿಸಿದನೆಂದು ಅಲ್ಲಿನ ಬರಹವೇ ಹೇಳುತ್ತದೆ. ಮುಖ್ಯ ಗುಡಿಯ ಗೋಡೆಗಳ ಉದ್ದಕ್ಕೂ ದೇವತೆಗಳ ಮಣ್ಣಿನ ಮೂರ್ತಿಗಳು ನೆಲದಿಂದ ಮೇಲೆ, ಗೋಡೆಗೇ ಅಂಟಿಕೊಂಡು ಕುಳಿತಿವೆ. ಅವುಗಳ ಮೇಲೂ ಕೆಳಗೂ ಮಣ್ಣಿನ ಗಿಲಾವಿನ ಮೇಲೆ ಬರೆದ ಚಿತ್ರಗಳಿವೆ. ಇಲ್ಲಿ ಕಟ್ಟಡ ಬೇರೆ, ಕಲೆ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ. ಚಾವಣಿ ಬಿರುಕು ಬಿಟ್ಟರೆ ನೀರು ಮಣ್ಣನ್ನು ಕರಗಿಸಿಕೊಂಡು ನೇರವಾಗಿ ಚಿತ್ರದ ಮೇಲೆ ಇಳಿಯುತ್ತದೆ.

ಆ ಚಾವಣಿ ಹೇಗಿರುತ್ತದೆ ಎಂಬುದು ವಿಜಯಪುರ, ಬಾಗಲಕೋಟೆ ಕಡೆಯ ಮೇಲ್ಮುದ್ದೆ ಮನೆಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಡ್ಡಿಗಳ ಹಾಸು, ಮೇಲೆ ದಪ್ಪನೆಯ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕಿ ಬಡಿಯದಿದ್ದರೆ ಆ ವರ್ಷ ಮನೆ ಸೋರುವುದು ಖಂಡಿತ. ಸ್ಪಿತಿಯಲ್ಲೂ ಇದೇ ಲೆಕ್ಕ. ಒಂದು ವ್ಯತ್ಯಾಸವೆಂದರೆ ಅದು ಮಳೆನೆರಳಿನ ಶೀತ ಮರುಭೂಮಿ, ಅಲ್ಲಿನ ಚಾವಣಿಗಳು ಹಿಮಕ್ಕೆಂದು ಕಟ್ಟಿದವು. ಒಣ ಹಿಮವನ್ನು ಸಲಿಕೆಯಿಂದ ತಳ್ಳಿಬಿಡಬಹುದು, ಮಳೆಯನ್ನು ತಳ್ಳಲಾಗದು. ಅಂಥದೇ ಒಣ ಸೀಮೆಯಾದ ಲೇಹ್‌ನಲ್ಲಿ 2010ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಸುರಿದ ಮಳೆ, ಅದು ತಂದ ಕೆಸರಿನ ಪ್ರವಾಹ 200ಕ್ಕೂ ಹೆಚ್ಚು ಜೀವ ತೆಗೆದವು.

ಸಿಮೆಂಟು ಇದಕ್ಕೆ ಪರಿಹಾರವಲ್ಲ. ಮಣ್ಣಿನ ಗೋಡೆ ತೇವ ಹೀರುತ್ತದೆ, ಮತ್ತೆ ಬಿಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಹೊರಗೆ ಗಟ್ಟಿಯಾಗಿ ಕಾಣುತ್ತಲೇ ಒಳಗೆ ಸಡಿಲಾಗುತ್ತದೆ. ಮೇಲೆ ಕಾಂಕ್ರೀಟಿನ ಭಾರ ಹೊರಿಸುವುದಂತೂ ಭೂಕಂಪದ ಸೀಮೆಯಲ್ಲಿ ಅಪಾಯವನ್ನು ಕರೆದು ಕೂರಿಸಿದಂತೆ. 1975ರ ಜನವರಿಯ ಕಿನ್ನೌರ್ ಭೂಕಂಪದಲ್ಲಿ ತಾಬೋ ಆಗಲೇ ಪೆಟ್ಟು ತಿಂದಿದೆ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವೇಳಾಪಟ್ಟಿ. ಸ್ಪಿತಿಯಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಹಸಿ ಗಿಲಾವು ಒಣಗುವ ಮೊದಲೇ ಚಳಿ ಕಚ್ಚಿದರೆ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಪದರ ಎದ್ದು ಬರುತ್ತದೆ. ಅಂದಾಜು ಪಟ್ಟಿ, ಟೆಂಡರು, ಮಂಜೂರಾತಿ ಎಲ್ಲ ದಾಟಿ ಹಣ ಸೆಪ್ಟೆಂಬರಿನಲ್ಲಿ ಕೈಸೇರಿದರೆ ಆ ವರ್ಷದ ಕೆಲಸ ಕೆಟ್ಟಿತೆಂದೇ ಅರ್ಥ.

ಊರವರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಲಡಾಖಿನ ಬಸ್ಗೋ ಕಣ್ಣೆದುರಿಗಿದೆ. ಅಲ್ಲಿನ ಮಣ್ಣಿನ ಮೈತ್ರೇಯ ಗುಡಿಗಳು 2000ರಲ್ಲಿ ವಿಶ್ವ ಸ್ಮಾರಕ ನಿಧಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ, ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿದ್ದವು. ಗ್ರಾಮಸ್ಥರ ಸಮಿತಿಯೇ ಮುಂದೆ ನಿಂತು ಅವನ್ನು ಉಳಿಸಿಕೊಂಡಿತು. 2007ರಲ್ಲಿ ಯುನೆಸ್ಕೊ ಆ ಕೆಲಸಕ್ಕೆ ಏಷ್ಯಾ-ಪೆಸಿಫಿಕ್ ವಲಯದ ಅತ್ಯುನ್ನತ ಸಂರಕ್ಷಣಾ ಪ್ರಶಸ್ತಿ ಕೊಟ್ಟಿತು.

ಕನ್ನಡಿಗನಿಗೆ ಸ್ಪಿತಿಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಆ ಕಣಿವೆಯ ಭಿಕ್ಷುಗಳು ಶಾಸ್ತ್ರ ಓದಲು ಬರುವುದು ನಮ್ಮ ಮುಂಡಗೋಡ, ಬೈಲಕುಪ್ಪೆಗಳ ಟಿಬೆಟನ್ ಮಠಗಳಿಗೆ. ಅದಿಲ್ಲದಿದ್ದರೂ ಕೇಳುತ್ತಿದ್ದೆ, ತಾಬೋ ದೇಶದ ಆಸ್ತಿ.

ಮುಂದಿನ ಬಜೆಟ್ಟಿನಲ್ಲಿ ತಾಬೋದ ವಾರ್ಷಿಕ ದುರಸ್ತಿಗೆ ಟೆಂಡರಿನ ಗೊಡವೆಯಿಲ್ಲದ ಖಾಯಂ ನಿಧಿ ಇಡಿ, ಅದು ಏಪ್ರಿಲ್ ಮುಗಿಯುವುದರೊಳಗೆ ಸ್ಪಿತಿ ತಲುಪಲಿ. ಮಣ್ಣಿನ ಕೆಲಸ ಬಲ್ಲ ಸ್ಥಳೀಯರಿಗೆ ದಿನಗೂಲಿಯ ಬದಲು ವರ್ಷಪೂರ್ತಿ ಸಂಬಳ ಕೊಡಿ, ಚಳಿಗಾಲದಲ್ಲಿ ಹಿಮ ತಳ್ಳುವವರೂ ಅವರೇ ಆಗಲಿ. ಅವರ ಕೈಕೆಳಗೆ ಹುಡುಗರು ಕಲಿಯಲು ಶಿಷ್ಯವೇತನ ಇರಲಿ. 2006ರಲ್ಲೇ ಅದೇ ಅಪಾಯದ ಪಟ್ಟಿ ಸೇರಿದ್ದ, ಸವೆಯುತ್ತಿರುವ ಕಡಿದಾದ ದಿಬ್ಬದ ಮೇಲೆ ನಿಂತಿರುವ ಸ್ಪಿತಿಯದೇ ಧಂಕರ್ ವಿಹಾರಕ್ಕೂ ಈ ವ್ಯವಸ್ಥೆ ವಿಸ್ತರಿಸಬೇಕೆಂದು ಕೋರುತ್ತೇನೆ.

ಇಂತಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ನಾಗರಿಕ