ತಕ್ಕಡಿ ಬಿಟ್ಟು ಹೋದ ಮಗಳಿಗೆ

ಮಗಳೇ,

ಪಂಚಮಿಗೆ ಬಂದಾಗ ಅಡುಗೆಮನೆ ಕಟ್ಟೆಯ ಮೇಲೆ ಒಂದು ಪುಟ್ಟ ತಕ್ಕಡಿ ಬಿಟ್ಟು ಹೋದೆಯಲ್ಲ, ಅದರ ಸುದ್ದಿ ಹೇಳೋಣ ಅಂತ ಬರೆಯಲು ಕೂತೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಹ್ಞೂಂ ಅವ್ವ, ಹ್ಞೂಂ ಅವ್ವ" ಅನ್ನುತ್ತೀಯ, ಆಮೇಲೆ ಮೀಟಿಂಗ್ ಬಂತು ಅನ್ನುತ್ತೀಯ. ಕಾಗದದಲ್ಲಿ ಆ ಆಟ ನಡೆಯಲ್ಲ.

ನೀನು ಹೋದ ಮರುದಿನವೇ ಅದನ್ನು ಎತ್ತಿ ಅಟ್ಟಕ್ಕೆ ಹಾಕಿದ್ದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದ ಮೇಲೆ ಮಗಳು ಸ್ವೀಡನ್ನಿನಿಂದ ಪಂಚಮಿಗೆ ತವರಿಗೆ ಬರುತ್ತಾಳೆ ಅಂತ ಎಂಟು ದಿನ ಮೊದಲಿಂದ ಶೇಂಗಾ ಹುರಿದು, ಎಳ್ಳು ಹುರಿದು, ಬೆಲ್ಲದ ಪಾಕ ಹಿಡಿದು ಐದು ನಮೂನೆ ಉಂಡಿ ಕಟ್ಟಿದ್ದೆ. ನೀನು ಒಂದೇ ಒಂದು ಶೇಂಗಾ ಉಂಡಿ ತಗೊಂಡು ತಕ್ಕಡಿ ಮೇಲೆ ಇಟ್ಟೆ. 42 ಗ್ರಾಂ ತೋರಿಸಿತು. "ಅವ್ವ, ಇದರಾಗ ಇಪ್ಪತ್ತು ಗ್ರಾಂ ಮೇಲೆ ಕಾರ್ಬ್, ಅಂದ್ರ ಪಿಷ್ಟ-ಸಕ್ಕರಿ ಅದ, ನನ್ನ ಅರ್ಧ ದಿನದ್ದು" ಅಂದವಳೇ ಉಂಡಿ ಮುರಿದು ಅರ್ಧ ಡಬ್ಬಿಗೆ ವಾಪಸ್ ಹಾಕಿದೆ. ಪಕ್ಕದ ಮನೆ ಕಾಕು ಅಲ್ಲೇ ಕೂತಿದ್ದರು. ನೀನು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು, "ಹುಡುಗಿಗೆ ಏನರ ಆಗೇದೇನವ್ವ?" ನಾನು ಏನು ಹೇಳಲಿ? ಡಯಟ್ ಅಂದೆ. ಅವರು ಪಾಪ, ಇನ್ನೂ ಒಂದು ಉಂಡಿ ತಗೊಂಡರು.

ಈಗ ಆ ತಕ್ಕಡಿ ಅಟ್ಟದ ಮೇಲೆ ಇಲ್ಲ. ಹಿಟ್ಟಿನ ಡಬ್ಬಿಯ ಪಕ್ಕ ಇದೆ. ಯಾಕೆ ಕೆಳಗೆ ಇಳಿಯಿತು ಅನ್ನೋದೇ ನಿನಗೆ ಇಷ್ಟು ದಿನ ಹೇಳದೆ ಇಟ್ಟ ಮಾತು. ಗಾಬರಿ ಆಗಬೇಡ, ಎಲ್ಲ ಸರಿಯಾಗಿದೆ.

ನಿನ್ನನ್ನು ನೋಡಿ ನಿಮ್ಮ ಅಪ್ಪಾಜಿಯೂ ಸುರು ಮಾಡಿದರು. ನನ್ನ ಮುಂದೆ ನಿನಗೆ ಬೈದರು, ನೀನು ಹೋದ ವಾರವೇ ಗುಟ್ಟಾಗಿ ಸುರು. ರಾತ್ರಿ ರೊಟ್ಟಿ ಬಂದ್, ಅನ್ನ ಬಂದ್, ಬರೀ ಪಲ್ಯ ಮತ್ತು ಒಂದು ಲೋಟ ಮಜ್ಜಿಗೆ. ಹಸಿವಿಲ್ಲ ಅನ್ನುತ್ತಿದ್ದರು, ನಾನೂ ನಂಬಿದೆ. ಶುಗರ್ ಗುಳಿಗೆ ಮಾತ್ರ ಎಂದಿನಂತೆ ನುಂಗುತ್ತಿದ್ದರು. ಏಳನೇ ದಿನವೋ ಎಂಟನೇ ದಿನವೋ, ನಸುಕಿನ ನಾಲ್ಕು ಗಂಟೆಗೆ ಎಚ್ಚರವಾಗಿ ನೋಡಿದರೆ ಅಂಗಿ ಪೂರ್ತಿ ತೊಯ್ದಿದೆ, ಕೈ ನಡುಗುತ್ತಿದೆ, ಏನೋ ಮಾತಾಡುತ್ತಿದ್ದಾರೆ ಆದರೆ ಮಾತು ಹೊಂದುತ್ತಿಲ್ಲ. ನಾನು ಮೀಟರ್ ಹುಡುಕಿ, ಬೆರಳು ಚುಚ್ಚಿ ನೋಡಿದೆ. 58, ತೀರಾ ಕಡಿಮೆ. ನಿಮ್ಮ ಕಡೆಯ ಲೆಕ್ಕದಲ್ಲಿ 3.2. ಸಕ್ಕರೆ ನೀರು ಕದಡಿ ಕುಡಿಸಿದೆ, ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕೂತೆ, ಮತ್ತೆ ಚುಚ್ಚಿದೆ. 84 ಆಗಿತ್ತು. ಆಮೇಲೆ ನನ್ನ ಕೈ ನಡುಗೋಕೆ ಸುರುವಾಯಿತು.

ಡಾಕ್ಟರು ಸರಿಯಾಗಿ ಬೈದರು. ಅಪ್ಪಾಜಿ ತಗೊಳ್ಳುವ ಎರಡು ಗುಳಿಗೆಯಲ್ಲಿ ಒಂದು ಗ್ಲಿಮೆಪಿರೈಡ್. ಅದು ನೀವು ಉಂಡಿದ್ದೀರೋ ಬಿಟ್ಟಿದ್ದೀರೋ ನೋಡೋದಿಲ್ಲ, ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಗೆ ತೆಗೆಸುತ್ತದೆ, ಹೊಟ್ಟೆಗೆ ಪಿಷ್ಟ ಹೋಗದಿದ್ದರೆ ಆ ಇನ್ಸುಲಿನ್ ರಕ್ತದಲ್ಲಿ ಇದ್ದ ಸಕ್ಕರೆಯನ್ನೇ ಇಳಿಸಿಬಿಡುತ್ತದೆ ಅಂದರು. ಬರೀ ಮೆಟ್‌ಫಾರ್ಮಿನ್ ಆಗಿದ್ದರೆ ಸಾಮಾನ್ಯವಾಗಿ ಹೀಗೆ ಆಗುತ್ತಿರಲಿಲ್ಲವಂತೆ. ಊಟ ಬದಲಿಸುವ ಮೊದಲು ಬಂದು ಕೇಳಬೇಕಿತ್ತು ಅಂತ ಹೇಳಿ ಆ ಗುಳಿಗೆಯನ್ನು ಅರ್ಧ ಮಾಡಿದರು. ಅಪ್ಪಾಜಿ ಶಾಲೆ ಹುಡುಗನ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಎಷ್ಟು ವರ್ಷದ ಮೇಲೆ ಆ ದೃಶ್ಯ ಕಂಡೆ!

ನಿನಗೆ ಹೇಳಲಿಲ್ಲ. "ನನ್ನಿಂದಲೇ ಆಯ್ತು" ಅಂತ ನೀನು ಅಲ್ಲಿ ಒಬ್ಬಳೇ ಅಳುತ್ತಾ ಕೂಡುತ್ತೀಯ ಅಂತ. ಆದರೆ ನೀನೂ ಹೇಳಿರಲಿಲ್ಲ ಅಲ್ವಾ? ಸುರು ಮಾಡಿದ ಮೊದಲ ವಾರ ಟ್ರಾಮಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಮುಂದಿನ ಸ್ಟಾಪಿನಲ್ಲಿ ಇಳಿದು ಕೂತುಬಿಟ್ಟೆಯಂತೆ. ನಿನ್ನ ಗೆಳತಿಯ ಬಾಯಿಂದ ನನಗೆ ಗೊತ್ತಾಯಿತು. ಅವಳಿಗೆ ಬೈಯಬೇಡ, ನಾನೇ ಕೆದಕಿ ಕೇಳಿದೆ. ಅಪ್ಪಾಜಿ ಇದನ್ನೂ ಡಾಕ್ಟರ್ ಹತ್ತಿರ ಕೇಳಿಕೊಂಡು ಬಂದರು. ಕಾರ್ಬ್ ಒಮ್ಮೆಲೇ ಬಿಟ್ಟರೆ ಮೈಯಲ್ಲಿನ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಗೆ ಹಾಕುತ್ತದೆ. ತಲೆನೋವು, ಸುಸ್ತು, ತಲೆ ತಿರುಗೋದು ಎಲ್ಲ ಅದರಿಂದ. ಮೊದಲ ವಾರ ಮೂರು ಕಿಲೋ ಇಳಿದೆ ಅಂತ ಕುಣಿದಿದ್ದೆಯಲ್ಲ, ಅದರಲ್ಲಿ ಜಾಸ್ತಿ ಪಾಲು ನೀರೇ ಅಂತೆ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆ ಕುಡಿ, ದಿನಾ ಎರಡು ಸಲ. ಅಲ್ಲಿ ಫಿಲ್ ಅಂತ ಹುಳಿ ಹಾಲು ಸಿಗುತ್ತದೆ ಅಂದಿದ್ದೆಯಲ್ಲ, ಅದಕ್ಕೇ ನೀರು ಬೆರೆಸಿ ಉಪ್ಪು, ಜೀರಿಗೆ, ಸ್ವಲ್ಪ ಇಂಗು ಹಾಕು.

ನೀನು ಯಾಕೆ ಇದನ್ನು ಸುರು ಮಾಡಿದೆ ಅನ್ನೋದೂ ನನಗೆ ತಡವಾಗಿ ಅರ್ಥವಾಯಿತು. ತೆಳ್ಳಗೆ ಕಾಣೋಕೆ ಅಂದುಕೊಂಡಿದ್ದೆ. ನೀನು ಕಳಿಸಿದ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್, 43 ಅಂತ ಇತ್ತು, ನನಗೆ ತಲೆಬುಡ ತಿಳಿಯಲಿಲ್ಲ, ಇಲ್ಲಿ ಎಲ್ಲರದ್ದೂ 6, 7, 8 ಅಂತ ಬರುತ್ತದೆ. ಅಪ್ಪಾಜಿ ಕೂತು ಲೆಕ್ಕ ಹಾಕಿ, ಅದು ನಮ್ಮ 6.1 ಅಂದರು. ಅಂದರೆ ಶುಗರ್ ಕಾಯಿಲೆಯ ಹೊಸ್ತಿಲ ಮೇಲೆ. ಮೂವತ್ತೊಂದು ವರ್ಷಕ್ಕೆ! ಅಪ್ಪನ ಕಡೆಯಿಂದ ಬಂದ ಆಸ್ತಿ ನೋಡು, ಹೊಲ ಬರಲಿಲ್ಲ, ಇದು ಬಂತು.

ಆವತ್ತು ತಕ್ಕಡಿ ಕೆಳಗೆ ಇಳಿಸಿದೆ.

ಮೊದಲು ತೂಗಿದ್ದು ರೊಟ್ಟಿ ಹಿಟ್ಟು. ನಲವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದೇನೆ, ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಅಂತ ಕೈಗೆ ಗೊತ್ತು, ತಲೆಗೆ ಗೊತ್ತಿರಲಿಲ್ಲ. ಎಸರು ಹಾಕಿ, ನಾದಿ, ಉಂಡೆ ಮಾಡುವ ಮೊದಲು ಒಣ ಹಿಟ್ಟನ್ನೇ ತೂಗಿದೆ. 60 ಗ್ರಾಂ. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಹತ್ತಿರ ಹತ್ತಿರ 70 ಗ್ರಾಂ ಕಾರ್ಬ್. ಅಂದರೆ ಒಂದು ರೊಟ್ಟಿಗೆ 42. ಎರಡು ರೊಟ್ಟಿ ತಿಂದು ಮೇಲೆ ಒಂದು ಮುಷ್ಟಿ ಅನ್ನ ಕಲಸಿದರೆ ನೂರು ಆಗಿಹೋಯಿತು, ಅದೂ ಒಂದೇ ಊಟಕ್ಕೆ! ಇಡೀ ದಿನಕ್ಕೆ 130ರ ಒಳಗೆ ಇದ್ದರೆ ಲೋ ಕಾರ್ಬ್ ಅನ್ನುತ್ತಾರಂತೆ, ಕೀಟೋ ಅಂದರೆ 20ರಿಂದ 50. ನಮ್ಮ ಊರಲ್ಲಿ ಶುಗರ್ ಬಂದವರಿಗೆಲ್ಲ ಎಲ್ಲರೂ ಹೇಳೋದು ಒಂದೇ, ಅನ್ನ ಬಿಡಿ, ಜೋಳದ ರೊಟ್ಟಿ ಎಷ್ಟು ಬೇಕಾದರೂ ತಿನ್ನಿ. ಎಷ್ಟು ಬೇಕಾದರೂ! ಅಕ್ಕಿ 78 ಆದರೆ ಜೋಳ 70, ಅಷ್ಟೇ ಫರಕು. ನಾರು ಜಾಸ್ತಿ ಇದೆ, ನಿಧಾನ ಕರಗುತ್ತದೆ, ಹೊಟ್ಟೆ ತುಂಬುತ್ತದೆ, ಅದೆಲ್ಲ ಖರೆ. ಆದರೆ ರೊಟ್ಟಿಯ ಮೇಲೆ ಇಷ್ಟು ವರ್ಷ ನಾನೇ ಸುಳ್ಳು ಹೇಳಿಕೊಂಡು ಬಂದೆ ಅನ್ನಿಸಿ ಒಂದು ದಿನ ಮನಸ್ಸು ಕೆಟ್ಟಿತ್ತು. ಅಣ್ಣಿಗೇರಿಯಲ್ಲಿ ನಮ್ಮಪ್ಪ ಹೊತ್ತಿಗೆ ನಾಲ್ಕು ರೊಟ್ಟಿ ಉಣ್ಣುತ್ತಿದ್ದರು, ಏನೂ ಆಗಿರಲಿಲ್ಲ. ಅವರು ಎರಿಹೊಲದಲ್ಲಿ ದಿನವಿಡೀ ಎತ್ತಿನ ಹಿಂದೆ ನಡೆಯುತ್ತಿದ್ದರು. ನಿಮ್ಮ ಅಪ್ಪಾಜಿ ಕೆಲಗೇರಿ ಕೆರೆ ಒಂದು ಸುತ್ತು ಹಾಕಿ ಬಂದು ಪೇಪರ್ ಹಿಡಿದು ಕೂಡುತ್ತಾರೆ.

ಆಮೇಲೆ ತಾಟಿನಲ್ಲಿ ಉಳಿದದ್ದನ್ನೆಲ್ಲ ಒಂದೊಂದೇ ತೂಗಿದೆ. ಇಲ್ಲಿ ನನಗೆ ಖುಷಿಯಾಯಿತು. ರೊಟ್ಟಿಯ ಸುತ್ತ ಇರುವುದು ಅಷ್ಟೂ ನಿನ್ನ ಡಯಟ್ಟೇ! ಮೆಂತ್ಯ ಸೊಪ್ಪು, ಹಕ್ಕರಿಕೆ, ಮೂಲಂಗಿ, ಬದನೆಕಾಯಿ, ಮೊಸರು, ಬೆಣ್ಣೆ, ಇವುಗಳಲ್ಲಿ ಏನಿದೆ ಅಂತ ಕಾರ್ಬ್? ಅಗಸಿಯಂತೂ ನೋಡವ್ವ, 100 ಗ್ರಾಮಿಗೆ 29 ಗ್ರಾಂ ಕಾರ್ಬ್ ಅಂತ ಬರೆದಿರುತ್ತಾರೆ, ಅದರಲ್ಲಿ 27 ಬರೀ ನಾರು. ಶೇಂಗಾ 16, ಅದರಲ್ಲೂ ಅರ್ಧ ನಾರು. ಅಂದರೆ ಅಗಸಿ ಹಿಂಡಿ, ಶೇಂಗಾ ಹಿಂಡಿ ನೀನು ಧೈರ್ಯವಾಗಿ ಹಾಕಿಕೊಳ್ಳಬಹುದು. ಕಾಳಿಗೆ ಮಾತ್ರ ಸ್ವಲ್ಪ ಕೈ ಹಿಡಿ, ಬೇಯಿಸಿದ ಹೆಸರುಕಾಳು ಒಂದು ಸಣ್ಣ ಬಟ್ಟಲು ಸಾಕು. ಝುಣಕ ಕಂಡರೆ ಜೀವ ಬಿಡುತ್ತೀಯ, ಆದರೆ ಕಡಲೆಹಿಟ್ಟೂ ಹಿಟ್ಟೇ.

ನೀನು ಅಲ್ಲಿ ಏನೇನೋ ಕೀಟೋ ಬ್ರೆಡ್ಡು, ಕೀಟೋ ಬಿಸ್ಕೀಟು ಅಂತ ರೊಕ್ಕ ಸುರಿಯುತ್ತೀಯಲ್ಲ, ಅದು ನನಗೆ ಸೇರಲ್ಲ. ಬ್ರೆಡ್ಡೇ ಬೇಡ ಅಂದ ಮೇಲೆ ಬ್ರೆಡ್ಡಿನ ಹಾಗೆ ಕಾಣೋದು ಯಾಕೆ ಬೇಕು? ಹೂಕೋಸು ತುರಿದು ಅದಕ್ಕೆ ಅನ್ನ ಅಂತ ಹೆಸರು ಇಡೋದೂ ಅಷ್ಟೇ. ಹೂಕೋಸಿನ ಪಲ್ಯ ಅನ್ನು, ಅದಕ್ಕೂ ಒಂದು ಮರ್ಯಾದೆ ಇದೆ.

ಎಣ್ಣಿಗಾಯಿ ಮಾಡು. ಅಲ್ಲಿ ನಮ್ಮ ಮುಳ್ಳುಗಾಯಿ ಸಿಗಲ್ಲ, ಕರಿ ಬಣ್ಣದ ದೊಡ್ಡ ಬದನೆ ಒಂದೊಂದು ಕಾಲು ಕಿಲೋ ಮೇಲೆ ಇರುತ್ತವೆ, ಅದರಲ್ಲಿ ತುಂಬೋಕೆ ಬರಲ್ಲ ಅಂತ ನೀನು ಬಿಟ್ಟಿದ್ದೀಯ. ತುಂಬಬೇಡ. ಹೆಬ್ಬೆರಳು ದಪ್ಪ ಬಿಲ್ಲೆ ಮಾಡಿ ಉಪ್ಪುನೀರಲ್ಲಿ ಹಾಕಿಡು, ಒರೆಸಿ, ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿಕೋ. ಅದೇ ಎಣ್ಣೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಮೇಲೆ ಹುರಿದು ಪುಡಿ ಮಾಡಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲಿ ಖಾರ, ಹುಣಸೆಹುಳಿ. ಬೆಲ್ಲ ಹಾಕಲೇಬೇಕಾ ಅಂತ ಕೇಳುತ್ತೀಯ, ಗೊತ್ತು. ಇಡೀ ಬಾಣಲೆಗೆ ಗೋಲಿಯಷ್ಟು ಹಾಕು, ಸತ್ತುಹೋಗಲ್ಲ. ಎಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಬಿಟ್ಟು ಬಿಲ್ಲೆ ಅದರಲ್ಲಿ ಇಳಿಸು. ಪಕ್ಕಕ್ಕೆ ಗಟ್ಟಿ ಮೊಸರು, ಹಸಿ ಸೊಪ್ಪು. ಬೇಕಾದರೆ ಬೇಯಿಸಿದ ಮೊಟ್ಟೆ ಇಟ್ಟುಕೋ. ಹ್ಞಾ, ಮೊಟ್ಟೆ ತಿನ್ನೋದು ನನಗೆ ಗೊತ್ತು, ಫ್ರಿಜ್ಜಿನ ಬಾಗಿಲು ವಿಡಿಯೋ ಕಾಲಿನಲ್ಲಿ ಕಾಣುತ್ತದೆ. ಅಜ್ಜಿಗೆ ಹೇಳಿಲ್ಲ.

ಇನ್ನೊಂದು. ಅಪ್ಪಾಜಿ ನೀನು ಕಳಿಸಿದ ಆ ರೈ ರೊಟ್ಟಿಯ ಪೊಟ್ಟಣದ ಫೋಟೋ ದೊಡ್ಡದು ಮಾಡಿ ನೋಡಿ ಒಂದು ತಪ್ಪು ಹಿಡಿದಿದ್ದಾರೆ. ಅಮೆರಿಕದ ಪೊಟ್ಟಣದಲ್ಲಿ ಕಾರ್ಬ್ ಅಂದರೆ ನಾರನ್ನೂ ಸೇರಿಸಿ ಬರೆಯುತ್ತಾರೆ, ಅದಕ್ಕೆ ಅಲ್ಲಿಯವರು ನಾರನ್ನು ಕಳೆಯುತ್ತಾರೆ. ಯುರೋಪಿನಲ್ಲಿ ನಾರು ಬೇರೆ ಸಾಲಿನಲ್ಲಿ ಇರುತ್ತದೆ, ಕಾರ್ಬ್ ಲೆಕ್ಕದಲ್ಲಿ ಮೊದಲೇ ಸೇರಿರಲ್ಲ. ನೀನು ಅಮೆರಿಕದವರ ವಿಡಿಯೋ ನೋಡಿ ಅಲ್ಲೂ ಕಳೆಯುತ್ತಿದ್ದೀಯ. ಅಂದರೆ ನೀನು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ತಿನ್ನುತ್ತಿದ್ದೀಯ. ಇದನ್ನು ಕಂಡುಹಿಡಿದ ದಿನದಿಂದ ಅವರ ನಡಿಗೆಯೇ ಬದಲಾಗಿದೆ, ಬಂದವರಿಗೆಲ್ಲ ಹೇಳುತ್ತಾರೆ, ಪೇಪರ್ ಹಾಕುವ ಹುಡುಗನಿಗೂ ಹೇಳಿದರು.

ನೀನು ಹೇಳಿದ ಆ ಸ್ವೀಡಿಶ್ ಮಾತು ಮಾತ್ರ ನನಗೆ ಬಹಳ ಸೇರಿತು. ಡಯಟ್ ಮಾಡೋದಕ್ಕೆ ಅಲ್ಲಿ "ಬಾಂಟಾ" ಅನ್ನುತ್ತಾರೆ, ಅದು 1860ರ ದಶಕದಲ್ಲಿ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿದ ಲಂಡನ್ನಿನ ಬ್ಯಾಂಟಿಂಗ್ ಅನ್ನುವವನ ಹೆಸರಿಂದ ಬಂತು, ಅವನ ಕಸುಬು ಶವಸಂಸ್ಕಾರದ ವ್ಯವಸ್ಥೆ ಮಾಡೋದು ಅಂದೆಯಲ್ಲ. ದಪ್ಪಗಿದ್ದವರು ಬೇಗ ಹೋದರೆ ಅವನಿಗೇ ವ್ಯಾಪಾರ, ಆದರೂ ಗುಟ್ಟು ಬಿಟ್ಟುಕೊಟ್ಟನಲ್ಲ, ಒಳ್ಳೆಯವನು. ಹಾಗೇ 2011ರಲ್ಲಿ ನಾರ್ವೆಯವರು ಈ ಡಯಟ್ಟಿನ ಹುಚ್ಚಿಗೆ ಬಿದ್ದು, ಹಾಲೂ ಕಡಿಮೆಯಾಗಿ, ಕ್ರಿಸ್ಮಸ್ ಹೊತ್ತಿಗೆ ಅಂಗಡಿಯಲ್ಲಿ ಬೆಣ್ಣೆಯೇ ಸಿಗಲಿಲ್ಲ ಅನ್ನೋ ಕಥೆ. ಕೇಳಿ ನಕ್ಕೆ, ಆದರೆ ನೀನು ಕಾಫಿಗೆ ಬೆಣ್ಣೆ ಹಾಕೋದು ನೆನಪಾಗಿ ನಗು ನಿಂತಿತು. ರೊಟ್ಟಿಗೆ ಹಚ್ಚಿದರೆ ನಾನೇ ಮುಂದೆ ನಿಂತು ಬಡಿಸುತ್ತೇನೆ. ಕಾಫಿಗೆ ಯಾಕೆ? ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಕೊಲೆಸ್ಟ್ರಾಲ್ ಕೂಡ ನೋಡಿಸು, ನನ್ನ ಮೇಲೆ ಆಣೆ.

ಆಫೀಸಿನ ಫೀಕಾ, ಅಂದರೆ ಕಾಫಿ ಬಿಡುವಿನ ಹೊತ್ತಿಗೆ ಎಲ್ಲರೂ ದಾಲ್ಚಿನ್ನಿ ಬನ್ನು ತಿನ್ನುತ್ತಾರೆ, ನಾನು ಬರೀ ಕಾಫಿ ಹಿಡಿದು ನಿಲ್ಲುತ್ತೇನೆ ಅಂದಿದ್ದೆ. ಅಕ್ಟೋಬರ್ 4ಕ್ಕೆ ಆ ಬನ್ನಿಗೇ ಒಂದು ದಿನ ಇದೆಯಂತೆ, ಆವತ್ತೂ ತಿನ್ನಲಿಲ್ಲ ಅಂದೆ. ಅದನ್ನು ಹೇಳುವಾಗ ನಿನ್ನ ದನಿ ಸಣ್ಣಗಾಯಿತು. ಡಿಸೆಂಬರಿನಲ್ಲಿ ಮೂರೂವರೆಗೇ ಕತ್ತಲಾಗುವ ಊರಲ್ಲಿ, ನಾಲ್ಕು ಜನರ ಜೊತೆ ನಿಂತು ಒಂದು ಬನ್ನು ಮುರಿದು ತಿಂದರೆ ಏನಾಗುತ್ತದೆ? ಅರ್ಧ ತಿನ್ನು. ನನ್ನ ಉಂಡಿಯನ್ನು ಅರ್ಧ ತಿಂದೆಯಲ್ಲ, ಹಾಗೆ. ನೀನು ದಿನಕ್ಕೆ ನಲವತ್ತು ಗ್ರಾಂ ಕಾರ್ಬಿಗೆ ಕಟ್ಟಿಹಾಕಿಕೊಂಡು ಒಬ್ಬಳೇ ನಿಲ್ಲೋದಕ್ಕಿಂತ ನೂರಕ್ಕೆ ಬಂದು ಎಲ್ಲರ ಜೊತೆ ಕೂಡು ಅಂತ ನನ್ನ ಮಾತು. ಕೇಳೋದು ಬಿಡೋದು ನಿನಗೆ ಬಿಟ್ಟಿದ್ದು, ಆದರೆ ಡಾಕ್ಟರ್ ಹತ್ತಿರ ಕೇಳದೆ ಬಿಡಬೇಡ.

ಇಲ್ಲಿ ಈಗ ಅಪ್ಪಾಜಿಗೆ ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಅರ್ಧ. 40 ಗ್ರಾಂ ಹಿಟ್ಟಿನಲ್ಲೇ ಅಗಲಕ್ಕೆ ಬಡಿಯೋದು ಕಲಿತಿದ್ದೇನೆ, ಹಾಳೆಯಂತೆ ತೆಳ್ಳಗೆ ಬರುತ್ತದೆ, ತಾಟಿನಲ್ಲಿ ಮೊದಲಿನಷ್ಟೇ ಕಾಣುತ್ತದೆ. ಅವರಿಗೆ ಇನ್ನೂ ಗೊತ್ತಿಲ್ಲ. ಅವರ ಶುಗರ್ ಬೆಳಿಗ್ಗೆ 110ರ ಆಚೀಚೆ ಇದೆ. ನಾನೂ ಅದನ್ನೇ ಉಣ್ಣುತ್ತಿದ್ದೇನೆ, ಮೂರು ತಿಂಗಳಿಗೆ ಮೂರು ಕಿಲೋ ಇಳಿದೆ, ಮೊಣಕಾಲು ಅಷ್ಟು ಒದರುತ್ತಿಲ್ಲ. ಇದನ್ನು ಕಾಕು ಮುಂದೆ ಹೇಳಿಲ್ಲ. ಉಂಡಿ ದಿನದ ಮಾತಿಗೆ ಮುಖ ಎಲ್ಲಿಡಲಿ?

ಪಾರ್ಸಲ್ ಈ ವಾರ ಹಾಕುತ್ತೇನೆ. ಪೇಡೆ ಕೇಳಬೇಡ, ತುಪ್ಪವನ್ನೂ ಕೇಳಬೇಡ, ಹಾಲಿನದು ಯಾವುದನ್ನೂ ಹೊರಗಿನಿಂದ ಯುರೋಪಿನೊಳಗೆ ಬಿಡಲ್ಲವಂತೆ, ಹೋದ ಸಲದ ಹಾಗೆ ಕಸಕ್ಕೆ ಹೋಗೋದು ಬೇಡ. ಅಗಸಿ ಹಿಂಡಿ ಅರ್ಧ ಕಿಲೋ, ಶೇಂಗಾ ಹಿಂಡಿ ಅರ್ಧ ಕಿಲೋ, ಗುರೆಳ್ಳು ಹುರಿಯದ್ದು, ಬ್ಯಾಡಗಿ ಖಾರ ಇಟ್ಟಿದ್ದೇನೆ. ಹತ್ತು ಕಡಕ್ ರೊಟ್ಟಿಯೂ ಇವೆ. ಒಂದೊಂದೂ 35 ಗ್ರಾಂ, ಮೇಲೆ ಚೀಟಿ ಅಂಟಿಸಿದ್ದೇನೆ.

ತಕ್ಕಡಿಯ ಸೆಲ್ ಮೊನ್ನೆ ಮುಗಿಯಿತು. ಒಳಗೆ ರೂಪಾಯಿಯಷ್ಟು ಗುಂಡನೆಯದು ಇದೆ, ಅಂಗಡಿಯವನು ನಂಬರ್ ಕೇಳುತ್ತಾನೆ, ನನ್ನ ಕಣ್ಣಿಗೆ ಕಾಣುತ್ತಿಲ್ಲ, ಅಪ್ಪಾಜಿಗೆ ಕೇಳಿದರೆ ರೊಟ್ಟಿಯ ಗುಟ್ಟು ಹೊರಬೀಳುತ್ತದೆ. ನಂಬರ್ ಎಷ್ಟು ಅಂತ ನನಗೊಬ್ಬಳಿಗೇ ಮೆಸೇಜ್ ಹಾಕು.

ನಿನ್ನ ಅವ್ವ
ಧಾರವಾಡ